ಮನೆಮಗಳ ಪಗಾರ

ದ್ರಾಕ್ಷಿ ಬಳ್ಳಿ ಕತ್ತರಿಸುವ ಛಾಟಣಿಯ ಕೂಲಿ ಕುದುರಿತು. ತೋಟದ ಮಾಲಕ ಪಾರಿಸ ಎಲೆ ಅಡಿಕೆಯ ತಟ್ಟೆಯನ್ನು ಗ್ಯಾಂಗಿನ ಮುಂದಾಳು ಲಕ್ಷ್ಮಿಬಾಯಿಯ ಮುಂದೆ ಹಿಡಿದ. ಕಾಗವಾಡದ ಈ ಮಗ್ಗುಲಿನ ದ್ರಾಕ್ಷಿ ತೋಟಗಳಲ್ಲಿ ಎಲೆ ಹಿಡಿದರೆ ಮಾತು ಗಟ್ಟಿ. ಆಮೇಲೆ ಮಾಲಕನೂ ತಿರುಗುವಂತಿಲ್ಲ, ಆಳೂ ತಿರುಗುವಂತಿಲ್ಲ. ಲಕ್ಷ್ಮಿಬಾಯಿ ಎಲೆಯನ್ನು ಬಾಯಿಗೆ ಹಾಕಿಕೊಂಡು ಪಡಸಾಲೆಯ ಹೊರಸಿನ ಕಡೆ ನೋಡಿದಳು.

"ದಾನವ್ವಾ, ಬಳ್ಳಿ ಕಡಿಯಾಕ ಒಂದ ಆಳ ಕಡಿಮಿ ಬಿದ್ದೈತಿ. ಬರ್ತಿ ಏನ? ಇಲ್ಲಿ ಮುಂಜಾನಿಂದ ಹೊತ್ತ ಮುಣುಗೂತನಾ ದುಡದ್ರ ಎಷ್ಟ ಸಿಗತೈತಿ, ಅಲ್ಲಿ ಅರ್ಧಾ ದಿನ ಕತ್ರಿ ಆಡ್ಸಿದ್ರ ಅಷ್ಟ ಬರತೈತಿ ನೋಡ."

ದಾನೇಶ್ವರಿ ಹೊರಸಿನ ಮೇಲೆ ಪಾರಿಸನ ಬೆಳೆದ ಮಗ ಕುಣಾಲನ ಬೆನ್ನಿಗೆ ಭುಜ ಕೊಟ್ಟು, ಒಂದು ಕೈ ಅವನ ಕತ್ತಿನ ಹಿಂದೆ, ಇನ್ನೊಂದು ಕೈ ಎದೆಗೆ ಅಡ್ಡ ಹಿಡಿದು ಕೂತಿದ್ದಳು. ಅವನನ್ನು ನೋಡಿಕೊಳ್ಳುವುದೇ ಅವಳ ದಿನದ ಕೆಲಸ. ಹುಟ್ಟಿದಾಗಿನಿಂದ ಕುಣಾಲನ ಕೈಕಾಲು ಅವನ ಮಾತು ಕೇಳಿದ್ದಿಲ್ಲ. ಕತ್ತು ನಿಲ್ಲದು, ನಾಲಗೆ ಹೊರಳದು. ಬುದ್ಧಿ ಮಾತ್ರ ಸಾಣೆ ಹಿಡಿದ ಕತ್ತರಿ. ಅವನು ಆಡುವುದು ಬೇರೆಯವರ ಕಿವಿಗೆ ಬರೀ ಗೊರಗೊರ, ದಾನೇಶ್ವರಿಯ ಕಿವಿಗೆ ಮಾತು. ಸಾಂಗಲಿಯಿಂದ ಬರುವ ದ್ರಾಕ್ಷಿ ದಲಾಲನ ಸಂಗಡ ಕುಣಾಲ ದರ ಆಡುವುದು ಅವಳ ಬಾಯಿಂದಲೇ. ಅವನು 'ಕಳ್ಳ' ಅಂದರೆ ಇವಳು ತಲೆ ತಗ್ಗಿಸಿ "ಕಳ್ಳ ಅಂತಾರ್ರಿ" ಅನ್ನುವಳು. ಅವನ ಮಾತಿಗೆ ತನ್ನದೊಂದು ಅಕ್ಷರ ಸೇರಿಸಿದವಳಲ್ಲ, ಒಂದು ಅಕ್ಷರ ನುಂಗಿದವಳೂ ಅಲ್ಲ.

"ಹೇ, ಅಕಿ ಎಲ್ಲಿ ಬರ್ತಾಳ?" ಪಾರಿಸ ನಕ್ಕ. "ಅಕಿ ನಮ್ಮ ಮನಿ ಮಗಳ ಇದ್ದಂಗ. ಮಗಳಿಗೆ ಯಾರರೆ ಪಗಾರದ ಲೆಕ್ಕಾ ಹೇಳ್ತಾರೇನ್ ಬೇ? ನಾವ ಉಂಡದ್ದ ಉಣ್ತಾಳ, ದೀಪಾವಳಿಗೆ ಸೀರಿ ಉಡ್ತಾಳ."

ಅವನು ಕೆಟ್ಟವನಲ್ಲ. ಮನಸ್ಸಿನಿಂದಲೇ ಆಡಿದ ಮಾತು ಅದು. ಆದರೆ ದಾನೇಶ್ವರಿಯ ಮನೆಯಲ್ಲಿ ಉಣ್ಣುವ ಬಾಯಿ ಮೂರಿದ್ದವು, ದುಡಿಯುವವಳು ಅವಳೊಬ್ಬಳೇ. ಕತ್ತರಿ ಹಿಡಿಯುತ್ತೇನೆ ಎಂದು ಹೇಳಲು ಅವಳು ತುಟಿ ಬಿಚ್ಚಿದಳು. ಅಷ್ಟರಲ್ಲಿ ಕುಣಾಲ ಮೈಯೆಲ್ಲ ಬಿಗಿ ಮಾಡಿ, ಉಸಿರು ಎಳೆದೆಳೆದು, ಉದ್ದಕ್ಕೆ ಏನೋ ಅಂದ. ದಾನೇಶ್ವರಿಯ ಕಿವಿ ಬಿಸಿಯಾದವು.

"ಏನಂತಾನ?" ಪಾರಿಸ ಕೇಳಿದ.

"ನೀರ ಬೇಕಂತ್ರಿ."

ಪಾರಿಸ ತಂಬಿಗೆ ತಂದು ಮಗನ ತುಟಿಗೆ ಹಿಡಿದ. ಕುಣಾಲ ಹಲ್ಲು ಕಚ್ಚಿದ. ನೀರು ಗದ್ದದಿಂದ ಇಳಿದು ಅಂಗಿ ತೊಯ್ದಿತು.

"ನೀರ ಬೇಡಿದಾಂವ ಬಾಯಿ ಯಾಕ ಮುಚ್ತಾನ?" ಲಕ್ಷ್ಮಿಬಾಯಿ ಅಂದಳು. "ದಾನವ್ವಾ, ಇವತ್ತ ನೀ ಮಾತ ನುಂಗಾಕತ್ತಿ."

ಕುಣಾಲ ಮತ್ತೆ ಅಂದ. ಈ ಸಲ ಗಿಡ್ಡ ಮಾತು. ದಾನೇಶ್ವರಿಯ ಕಣ್ಣು ತುಂಬಿ ಬಂದವು.

"ಈಗೇನಂದ?" ಪಾರಿಸ ಕೇಳಿದ.

"'ದಲಾಲ್ಗ ಬೈಯಾಕ ನನ್ನ ಬಾಯಿ ಆಗಿದ್ದಿ, ಈಗ ಆ ಬಾಯಿ ಕಸಗೋಬ್ಯಾಡ' ಅಂತಾರ್ರಿ."

"ಹಂಗಾರ ಮೊದಲ ಅಂದದ್ದ ಹೇಳ."

"ಅದ ನನ್ನ ಸಲುವಾಗಿ ಆಡಿದ್ದ ಮಾತ್ರಿ ಅಣ್ಣಾರ. ನನ್ನ ಬಾಯಿಲೆ ನಾ ಹೆಂಗ ಹೇಳ್ಲಿ?"

"ಬಾಯಿ ನಿಂದು, ಮಾತ ಅವಂದು," ಲಕ್ಷ್ಮಿಬಾಯಿ ಗದರಿಸಿದಳು. "ಹೇಳ ಬೇ!"

ದಾನೇಶ್ವರಿ ನೆಲ ನೋಡುತ್ತ, ತಲೆಮೇಲಿನ ಹೊರೆ ಇಳಿಸುವವಳ ಹಾಗೆ ಒಂದೊಂದೇ ಮಾತು ಇಳಿಸಿದಳು.

"'ಅಪ್ಪಾ, ದಾನವ್ವ ಮನಿ ಮಗಳಾದ್ರ ತ್ವಾಟದಾಗ ಪಾಲ ಕೊಡು. ಆಳಾದ್ರ ಆಳಿನ ಪಗಾರ ಕೊಡು. ಎರಡೂ ಕೊಡೂದಿಲ್ಲ ಅಂದ್ರ ಹೆಂಗ? ಬಳ್ಳಿ ಕಡಿಯಾಕ ಅಷ್ಟ ಕೊಡ್ತಿ, ಮಗನ್ನ ಹಿಡಕೊಂಡ ಕೂಡಾಕ ಅದರ ಅರ್ಧಾ ಕೊಡ್ತಿ. ನಿನ್ನ ಬಳ್ಳಿಗಿಂತ ನಾ ಸೋವಿ ಆದ್ನ್ಯಾ?' ಅಂತಾರ್ರಿ."

ಲಕ್ಷ್ಮಿಬಾಯಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ದಲಾಲನ ಬೆವರಿಳಿಸುವ ಆ ಬುದ್ಧಿ ಇವತ್ತು ತನ್ನ ಕಡೆಗೇ ತಿರುಗಿದ್ದಕ್ಕೆ ಪಾರಿಸನಿಗೆ ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಬಾಯಿ ಬಿಟ್ಟು ಹೇಳಲಾಗದಂಥ ಹೆಮ್ಮೆಯೂ ಬಂತು.

"ಆಯ್ತು. ಕತ್ರಿ ಹಿಡದವ್ರಿಗೆ ದಿನಕ್ಕ ಎಷ್ಟೋ ಅಕಿಗೂ ಅಷ್ಟ," ಅಂದ. "ಛಾಟಣಿ ಮುಗದ ಮ್ಯಾಲೂ ಅಷ್ಟ."

"ಸೀರಿ?" ಲಕ್ಷ್ಮಿಬಾಯಿ ಬಿಡಲಿಲ್ಲ.

"ಸೀರಿ ಬ್ಯಾರೆ ಬೇ, ಮಾರಾಯ್ತಿ!"

ಪಾರಿಸ ತಟ್ಟೆಯನ್ನು ದಾನೇಶ್ವರಿಯ ಮುಂದೆ ಹಿಡಿದ. ಇಷ್ಟು ವರ್ಷದಲ್ಲಿ ಆ ತಟ್ಟೆ ಹೊರಸಿನ ತನಕ ಬಂದದ್ದೇ ಇಲ್ಲ. ಅವಳು ಎಲೆ ನೋಡಿದಳು, ತನ್ನ ಕೈ ನೋಡಿಕೊಂಡಳು.

"ಕೈ ಬಿಡುವಿಲ್ರಿ ಅಣ್ಣಾರ. ಬಿಟ್ರ ಬೀಳ್ತಾರ."

ಪಾರಿಸ ತಟ್ಟೆ ಕೆಳಗಿಟ್ಟ. ಹೊರಸು ಏರಿ, ಅವಳು ಕೂತ ಹಾಗೆಯೇ ಮಗನ ಬೆನ್ನಿಗೆ ಭುಜ ಕೊಟ್ಟು ಕೂತ. ದಾನೇಶ್ವರಿ ಮೆಲ್ಲಗೆ ಕೈ ತೆಗೆದಳು. ಬೆಳೆದ ಮಗನ ಪೂರಾ ಭಾರ ಅಪ್ಪನ ಮೇಲೆ ಬಂತು.

ಅವಳು ನೆಲದ ಮೇಲೆ ಕೂತು ಒಳ್ಳೆಯದೊಂದು ಎಲೆ ಆರಿಸಿದಳು. ಸೆರಗಿಗೆ ಒರೆಸಿದಳು. ತೊಟ್ಟು ಮುರಿದಳು, ಬೆನ್ನಿನ ನಾರು ತೆಗೆದಳು. ಪಾರಿಸನ ತೋಳು ನಡುಗತೊಡಗಿತು.

"ಲಗೂನ ತಿನ್ನವಾ, ಕೈ ಸೋತು."

"ಇನ್ನ ಸುಣ್ಣ ಹಚ್ಚಾಕತ್ತೇನ್ರಿ."

ಅಪ್ಪನ ತೋಳಿಗೆ ಒರಗಿದ್ದ ಕುಣಾಲ ಏನೋ ಅಂದ. ದಾನೇಶ್ವರಿ ಅದನ್ನು ಹೇಳಲು ಬಾಯಿ ತೆರೆದಳು. ಪಾರಿಸ ಅವಳನ್ನು ತಡೆದ.

"ತಿಳೀತು ತಿಳೀತು," ಅಂದ. "ಸಾವಕಾಶ ಹಚ್ಚಲಿ ಅನ್ನಾಕತ್ತಾನ."