ಪಾಸು ಮಾಡುವ ಮೂಗು

ಪುಟ್ಟತಾಯಿಗೆ ವಾಸನೆ ತಿಳಿಯುತ್ತಿರಲಿಲ್ಲ. ಅಗರಬತ್ತಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಅವಳ ಕೆಲಸವೇ ಬತ್ತಿಯನ್ನು ಮೂಸಿ ನೋಡಿ ಪಾಸು ಮಾಡುವುದು. ಮೊದಲ ಸಲ ಕೊರೊನಾ ಬಂದಾಗ ಹೋದ ವಾಸನೆ ಹದಿನೈದು ದಿನಕ್ಕೆ ಮರಳಿತ್ತು. ಎರಡನೇ ಸಲ ಮೂರು ತಿಂಗಳು ಹಿಡಿಯಿತು. ಮೂರನೇ ಸಲ ಹೋದದ್ದು ವರ್ಷವಾದರೂ ಬರಲಿಲ್ಲ. ಕೊನೆಗೆ ಮಲ್ಲಿಗೆಯ ಡಬ್ಬದಲ್ಲಿ ಗಂಧದ ಬತ್ತಿ ಹೋಗಿ, ಅಂಗಡಿಯವರು ಮಾಲು ವಾಪಸು ಕಳಿಸಿದರು.

“ನಾಟಕ ಆಡ್ತಿದ್ದೀಯಾ?” ಯಜಮಾನ ಕೂಗಾಡಿದ. “ನಂಗೂ ನಾಕು ಸಲ ಬಂದಿತ್ತು. ಏನಾಯ್ತು? ಬಂದಷ್ಟೂ ಮೈ ಗಟ್ಟಿಯಾಗತ್ತೆ. ನಿಂದು ಬರೀ ಸೋಮಾರಿತನ. ನಾಳೆಯಿಂದ ಬರಬೇಡ.”

“ಮೂರನೇ ಸಲ ಜ್ವರ ಅಂತ ರಜೆ ಕೇಳ್ದಾಗ ಏನಂದ್ರಿ? ನೆಗಡಿಗೆಲ್ಲ ರಜೆ ಕೊಡಕ್ಕೆ ಇದೇನು ನಿಮ್ಮಪ್ಪನ ಫ್ಯಾಕ್ಟ್ರಿನಾ ಅಂದ್ರಿ.”

“ಬಾಯಿ ಮುಚ್ಚು.”

ಪುಟ್ಟತಾಯಿ ಪಕ್ಕದ ಕಂತೆಯಿಂದ ಎರಡು ಬತ್ತಿ ಎಳೆದು ಅವನ ಮುಂದೆ ಹಿಡಿದಳು. “ನಿಮ್ ಮೈ ಗಟ್ಟಿ ತಾನೇ ಯಜಮಾನ್ರೇ? ಇವು ಯಾವ ಬತ್ತಿ ಹೇಳ್ಬಿಡಿ. ಬಾಯ್ಮುಚ್ಕೊಂಡು ಹೋಗ್ತೀನಿ.”

ಅವನು ಒಂದೊಂದನ್ನೇ ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದ.

“ಇದು ಗಂಧ. ಇದು ಮಲ್ಲಿಗೆ. ಇಷ್ಟೂ ಗೊತ್ತಾಗಲ್ವಾ ನಿಂಗೆ? ನಡಿ ಆಚೆ.”

ಬತ್ತಿ ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವೆರಡೂ ಇನ್ನೂ ಸೆಂಟಿಗೆ ಅದ್ದದ ಬರೀ ಇದ್ದಿಲಿನ ಬತ್ತಿಗಳು.

ಹೋದ ಮೂಗು ಎರಡು, ಹೋದ ಕೆಲಸ ಒಂದು.