ಬದುವಿನ ಕಡೆಗೆ ಹೊರಟ ಜೋಳ

ವಿಷದ ವಾಸನೆ ಬಡಿದರೆ ಬೆಳೆ ಬೇರು ಕಿತ್ತುಕೊಂಡು ಎದ್ದು ಹೋಗುವುದು ಆ ಊರಿಗೆ ಹೊಸದೇನಲ್ಲ. ಬದು ದಾಟಿದ ಬೆಳೆ ಆಚೆ ಹೊಲದವರದ್ದೇ ಎಂದು ಪಂಚಾಯಿತಿಯವರೂ ಬರೆದಿಟ್ಟಿದ್ದರು. ಹಾಗಾಗಿ ಬೆಳಿಗ್ಗೆ ಪಕ್ಕದ ಹೊಲದ ದ್ಯಾಮಕ್ಕ ಕೂಗಿದಾಗ ನೀಲವ್ವ ಗಂಡ ಬಸವಂತನನ್ನು ಕರೆದುಕೊಂಡು ಹೊಲಕ್ಕೆ ಧಾವಿಸಿದಳು.

“ಯಕ್ಕಾ, ನಿಮ್ಮ ಜ್ವಾಳ ನಮ್ಮ ಕಡೆ ಹೊಂಟೇತಿ! ಬಂದ್ರ ನಾ ಏನ್ ಹೊಳ್ಳಿ ಕಳಸಂಗಿಲ್ಲ ನೋಡ್!”

ಹಾಲುಗಟ್ಟಿದ ತೆನೆಯ ಎರಡೆಕರೆ ಜೋಳ, ಮನೆಗೆ ವರ್ಷದ ಊಟ. ಸಾಲಿಗೆ ಸಾಲೇ ಎರೆಮಣ್ಣಿನಿಂದ ಬೇರು ಎಳೆದುಕೊಂಡು ತೆವಳುತ್ತಿತ್ತು.

“ನಿನ್ನೆ ಹೊಲಕ್ಕ ಏನ್ ಹಾಕೀರಿ?” ಎಂದು ಗಂಡನನ್ನು ಕೇಳಿದಳು.

“ಜೀವಾಮೃತ. ಸಗಣಿ, ಗಂಜಲ, ಬೆಲ್ಲ, ಕಡ್ಲಿಹಿಟ್ಟು. ಮತ್ತ ನನ್ನ ತಲಿ ಹಾಕ್ಲೇನು?” ಬಸವಂತ ಸಿಡುಕಿದ.

“ಯಾವುದ್ರಾಗ ಕಲಸೀರಿ?”

ಅವನ ದನಿ ಇಳಿಯಿತು. “ಆ ಹಳೇ ಕಳೆನಾಶಕದ ಡಬ್ಬ್ಯಾಗ. ಮೂರು ಸಲ ತೊಳದೀನಿ ಬಿಡ.”

ಐದು ವರ್ಷ ಹನಿ ವಿಷ ಮುಟ್ಟಿಸದೆ ಸಾಕಿದ ನೆಲ! ನೀಲವ್ವ ಓಡಿ ಹೋಗಿ ಬದುವಿನ ಮೇಲೆ ಜೋಳಕ್ಕೆ ಅಡ್ಡ ಮಲಗಿದಳು. “ತಪ್ಪಾತು ನಮ್ಮವ್ವ, ಹೋಗಬ್ಯಾಡ.”

ಮೊದಲ ಸಾಲಿನ ಬೇರುಗಳು ಅವಳ ಅಂಗೈಯನ್ನು ಮೂಸಿದವು. ಬಹಳ ಹೊತ್ತಿನ ಮೇಲೆ ಒಂದೊಂದೇ ಬೇರು ಮತ್ತೆ ಮಣ್ಣಿಗೆ ಇಳಿಯತೊಡಗಿತು.

“ನಿಂತ್ವಲ್ಲೇ!” ಎನ್ನುತ್ತ ಬಸವಂತ ಓಡಿಬಂದು ಹೆಂಡತಿಯನ್ನು ಎಬ್ಬಿಸಲು ಕೈ ಚಾಚಿದ. ನಿನ್ನೆ ಆ ಡಬ್ಬದೊಳಗೆ ಮೊಣಕೈತನಕ ಅದ್ದಿ ಕಲಸಿದ್ದ ಕೈ ಅದು.

“ಮುಟ್ಟಬ್ಯಾಡ್ರಿ!” ಎಂದು ಅವಳು ಚೀರುವಷ್ಟರಲ್ಲಿ ಎರಡೆಕರೆ ಜೋಳವೂ ಒಮ್ಮೆಲೇ ಎದ್ದು, ಅವಳನ್ನು ತುಳಿದುಕೊಂಡೇ ದ್ಯಾಮಕ್ಕನ ಹೊಲಕ್ಕೆ ಓಡಿತು.