ಗಂಡು ಸಾಲು

ಮಂಜವ್ವ ತನ್ನ ಹೆಬ್ಬೆರಳಿನ ಉಗುರು ಕತ್ತರಿಸಿಕೊಂಡಳೆಂದು ಬಸವಣ್ಣೆಪ್ಪಗೌಡ ಅವಳ ತಾಯಿ ಗುತ್ತೆವ್ವನನ್ನು ಎರಡು ದಿನ ದನದ ಗೂಟಕ್ಕೆ ಕಟ್ಟಿಹಾಕಿದ.

ಅದು ಎಂಟು ವರ್ಷದ ಹಿಂದಿನ ಮಾತು. ಮಂಜವ್ವನಿಗೆ ಆಗ ಒಂಬತ್ತು. ಆಮೇಲೆ ಅವಳು ಉಗುರು ಮುಟ್ಟಲಿಲ್ಲ. ಹೈಬ್ರಿಡ್ ಹತ್ತಿಯ ಬೀಜ ಮಾಡುವ ಹೊಲದಲ್ಲಿ ಉಗುರೇ ಕುಡುಗೋಲು. ಸಂಜೆ ಹೆಣ್ಣು ಸಾಲಿನ ಮೊಗ್ಗುಗಳನ್ನು ಉಗುರಿನಿಂದ ಸೀಳಿ ಒಳಗಿನ ಕೇಸರವನ್ನು ಸುಲಿದು ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು ಅದರ ಪುಡಿಯನ್ನು ಆ ಹೂಗಳಿಗೆ ಒರೆಸಬೇಕು. ಹೊತ್ತು ನೆತ್ತಿಗೆ ಬಂದರೆ ಮುಗಿಯಿತು, ಕಾಯಿ ಕಟ್ಟುವುದಿಲ್ಲ.

ಈಗ ಬಸವಣ್ಣೆಪ್ಪ ಪೇಚಿಗೆ ಬಿದ್ದದ್ದೂ ಇದರಿಂದಲೇ. ಜೀತದವರ ಪಟ್ಟಿ ಮಾಡಲು ಹಿರೇಕೆರೂರಿನಿಂದ ಸಾಹೇಬರು ಬರುತ್ತಾರೆಂಬ ಸುದ್ದಿ ಹಿಂದಿನ ಸಂಜೆ ಮುಟ್ಟಿತ್ತು. ಹೆಸರು ಬರೆಸಿದವರಿಗೆ ಬಿಡುಗಡೆ ಚೀಟಿ. ಚೀಟಿ ಸಿಕ್ಕವರನ್ನು ದುಡಿಸಿಕೊಂಡರೆ ಜೈಲು. ಗುತ್ತೆವ್ವನನ್ನೂ ಉಳಿದ ಆಳುಗಳನ್ನೂ ಹಳ್ಳದಾಚೆಯ ಹೊಲಕ್ಕೆ ಅಟ್ಟಬಹುದಿತ್ತು. ಆದರೆ ಸುಲಿದ ಹೂಗಳು ಕಾಯುತ್ತಿದ್ದವು. ಮಂಜವ್ವನಷ್ಟು ಚುರುಕು ಕೈ ಬೇರೊಂದಿರಲಿಲ್ಲ, ಅವಳೊಬ್ಬಳನ್ನು ಇಲ್ಲೇ ಉಳಿಸಿಕೊಳ್ಳಬೇಕಿತ್ತು.

"ಸಾಹೇಬ ಕೇಳಿದ್ರ ಏನಂತಿ?" ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿ ಕೇಳಿದ.

"ಗೌಡ್ರ ಮಗಳು ಅಂತೇನ್ರಿ."

"ಯಾವ ಮಗಳು ಹೆತ್ತಪ್ಪಗ ಗೌಡ್ರು ಅಂತಾಳ, ಹುಚ್ಚಿ? 'ಇವರು ನಮ್ಮಪ್ಪ, ಇದು ನಮ್ಮ ಹೊಲ.' ಇಷ್ಟ ಅನ್ನು. ತನ್ನ ಹೊಲದಾಗ ತಾ ದುಡಿದ್ರ ಯಾವ ಕಾಯ್ದೆನೂ ಕೇಳೂದಿಲ್ಲ. ಒಂದ ಸುಳ್ಳ. ಹೇಳು, ಮರತುಬಿಡು."

ಗೌಡನ ಹೆಂಡತಿ ತನ್ನ ಮಗಳ ಹಳೆಯ ಸೀರೆಯೊಂದನ್ನು ಮಂಜವ್ವ ಉಡಲೆಂದು ತಂದು ಕಟ್ಟೆಯ ಮೇಲೆ ಎಸೆದಳು. "ಇದೊಂದ ಬಾಕಿ ಇತ್ತು," ಎಂದವಳು ಗಂಡನ ಮುಖ ನೋಡದೆ ಒಳಗೆ ಹೋದಳು.

ಮಂಜವ್ವನಿಗೆ ಚೀಟಿ ಬೇಕಿತ್ತು. ಆದರೆ ಗೂಟ ಇನ್ನೂ ಕೊಟ್ಟಿಗೆಯಲ್ಲೇ ಇತ್ತು. ಸುಳ್ಳು ಹೇಳಲು ಅವಳಿಗೆ ಅಳುಕೇನೂ ಇರಲಿಲ್ಲ. ತಾನು ಹುಟ್ಟುವ ಮೊದಲೇ ಅಪ್ಪ ವಾಂತಿಭೇದಿಯಲ್ಲಿ ಹೋದನೆಂದು ಕೇಳಿದ್ದಳು. ಸತ್ತವನು ಸಿಟ್ಟಾಗುವುದಿಲ್ಲ.

ಹಳ್ಳದಾಚೆ ಹೊರಟ ಗುತ್ತೆವ್ವ ಸಾಲಿನ ನಡುವೆ ಮಗಳ ತೋಳು ಹಿಡಿದಳು. "ಏನ ಕಲಿಸ್ಯಾನ ನಿನಗ?"

ಮಂಜವ್ವ ಒಪ್ಪಿಸಿದಳು. ಗುತ್ತೆವ್ವ ನಕ್ಕಳು. ನಕ್ಕು ನಕ್ಕು ಮಣ್ಣಿನಲ್ಲಿ ಕುಳಿತುಬಿಟ್ಟಳು. ಆಮೇಲೆ ಎದ್ದು ಕಿವಿಯಲ್ಲಿ ನಾಲ್ಕು ಮಾತು ಹೇಳಿದಳು. ಮಂಜವ್ವನ ಉಗುರು ಹೂವಿನ ಮಿಡಿಯನ್ನೇ ಎರಡು ಹೋಳು ಮಾಡಿತು.

"ಗೂಟದ ಅಂಜಿಕಿ ನನಗಿಲ್ಲ. ನಿನ್ನ ಮನಸಿಗೆ ಬಂದಂಗ ಮಾಡು," ಎಂದು ಗುತ್ತೆವ್ವ ಹಿಂದೆ ನೋಡದೆ ನಡೆದಳು.

ಅಬಲೂರಿನ ಕಡೆಯಿಂದ ಜೀಪು ಬಂತು. ಸಾಹೇಬ ನರಸಿಂಹ ಓದಿಕೊಂಡವನು. ಮಾತಿಗೆ ನಿಂತರೆ ಕೈಯಲ್ಲಿನ ಚಹಾ ಆರುತ್ತಿತ್ತು. ಹತ್ತಿ ಗಿಡ ನೋಡಿದವನೇ ಶುರುಮಾಡಿದ.

"ಗೌಡ್ರ, ಈ ಹತ್ತಿ ಹಿರೀಕರು ಅಮೆರಿಕಾದೋರು. ಆಫ್ರಿಕಾದ ಮಂದೀನ್ನ ಹಡಗಿನಾಗ ತುಂಬಿ ತಂದು ಅಲ್ಲಿ ಹತ್ತಿ ಬಿಡಿಸಾಕ ಹಚ್ಚಿದ್ರು. ಅವರ ಬೆನ್ನ ಮ್ಯಾಲೆ ಇಂಗ್ಲೆಂಡಿನ ಗಿರಣಿ ನಿಂತ್ವು, ಗಿರಣಿ ಮ್ಯಾಲೆ ರಾಜ್ಯ ನಿಂತಿತು. ಆಮ್ಯಾಲೆ ಅದ ಹತ್ತಿ ಬೀಜಾನ್ನ ನಮ್ಮ ಧಾರವಾಡ ಸೀಮಿಗೂ ತಂದ್ರು."

"ಬೀಜ ಬಂತು ಖರೇ. ಗುಲಾಮರು ಬರಲಿಲ್ಲಲ್ರಿ," ಬಸವಣ್ಣೆಪ್ಪ ನಕ್ಕ.

"ತರೂ ಜರೂರಿ ಬೀಳಲಿಲ್ಲ. ಇಲ್ಲೇ ಇದ್ರು."

ಬಸವಣ್ಣೆಪ್ಪನ ನಗು ನಿಂತಿತು. ನರಸಿಂಹ ಮುಂದುವರಿಸಿದ. "ಅಲ್ಲಿ ಗುಲಾಮಳ ಕೂಸು ತಾಯಿ ಲೆಕ್ಕಕ್ಕ ಹೋಗತಿತ್ತು. ಅಪ್ಪ ಯಾರಂತ ಯಾರೂ ಕೇಳತಿರಲಿಲ್ಲ. ಇವತ್ತ ನಾ ಕೇಳತೇನಿ." ಮಂಜವ್ವನ ಕಡೆ ತಿರುಗಿದ. "ನಿಮ್ಮಪ್ಪ ಯಾರವಾ?"

"ಹೇಳವಾ, ನಾಚತಿ ಯಾಕ?" ಬಸವಣ್ಣೆಪ್ಪ ಅವಳ ತಲೆ ಸವರಿದ. ಹದಿನೇಳು ವರ್ಷದಲ್ಲಿ ಆ ಕೈ ಸವರಿದ್ದು ಅದೇ ಮೊದಲು.

ಮಂಜವ್ವ ತಲೆ ಸರಿಸಿಕೊಂಡಳು.

"ನಮ್ಮಪ್ಪ ಸತ್ತಾನ್ರಿ, ನಾ ಹುಟ್ಟೂಕ ಮೊದಲ. ನಾನೂ ನಮ್ಮವ್ವನೂ ಇವರ ಜೀತದಾಗ ಅದೇವಿ. ನಮ್ಮವ್ವ ಹಳ್ಳದಾಚಿ ಹೊಲದಾಗ ಅದಾಳ. ಉಳಿದೋರೂ ಅಲ್ಲೇ ಅದಾರ."

ನರಸಿಂಹ ಇಬ್ಬರ ಹೆಸರನ್ನೂ ಕೇಳಿ ಬರೆದುಕೊಂಡ. ಚಹಾ ಕಟ್ಟೆಯ ಮೇಲಿಟ್ಟು ಹಳ್ಳದ ದಾರಿ ಹಿಡಿದ.

ಅವನು ಜಾಲಿಗಿಡಗಳ ಹಿಂದೆ ಮರೆಯಾದದ್ದೇ ತಡ, ಬಸವಣ್ಣೆಪ್ಪ ಮಂಜವ್ವನ ಜಡೆಯನ್ನು ಕೈಗೆ ಸುತ್ತಿಕೊಂಡು ಎಳೆದ. ಅವಳು ಮೊಣಕಾಲೂರಿ ಬಿದ್ದಳು. ಬಾಯಿಗೆ ಒಂದು ಏಟು ಬಿತ್ತು, ಮತ್ತೊಂದು ಬಿತ್ತು.

"ಅವ ಇನ್ನೂ ಹಳ್ಳ ದಾಟಿಲ್ಲ. ಓಡು. ಅಂಜಿ ಏನೇನೋ ಅಂದೆ, ಇವರ ನಮ್ಮಪ್ಪ ಅಂತ ಹೇಳಿ ಬಾ. ಒಂದ ಸುಳ್ಳ ಹೇಳಾಕ ಏನ ಬ್ಯಾನಿ ನಿನಗ?"

ಮಂಜವ್ವ ತುಟಿಯ ರಕ್ತವನ್ನು ಆ ಸೀರೆಯ ಸೆರಗಿಗೆ ಒರೆಸಿಕೊಂಡಳು.

"ಸುಳ್ಳ ಆಗಲೇ ಹೇಳೇನಿ," ಎಂದಳು. "ಖರೇ ಹೇಳಾಕ ಹೋಗೂದಿಲ್ಲ."